ಸೇತುವೆ ಮುಚ್ಚುವ ಮುನ್ನ ಡಂಗುರ ಹೊಡೆಯಲಿ



ಸೇತುವೆಯ ವಿಚಾರಕ್ಕೂ ಬೆಳೆಗಾರರ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಗೊನೆ ಇಳಿಸಿದ ಹಸಿ ಅಡಿಕೆ ಯಾರ ಅಪ್ಪಣೆಗೂ ಕಾಯುವುದಿಲ್ಲ. ಬೇಗನೆ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಕಾಫಿಯದು ಇನ್ನೂ ಅವಸರ. ಪಾರ್ಚ್‌ಮೆಂಟ್ ಮಾಡುವವರು ಹಣ್ಣನ್ನು ಕಿತ್ತ ದಿನವೇ ಪಲ್ಪರಿಗೆ ಹಾಕಬೇಕು. ದಾರಿ ಮುಚ್ಚಿದ ಒಂದು ದಿನದ ಲೆಕ್ಕ ನಮ್ಮ ಕಣದಲ್ಲಿ ಕಾಣುತ್ತದೆ.

ಹಿಂದೊಮ್ಮೆ ಕೊಯ್ಲಿನ ಕಾಲದಲ್ಲಿ ಲೋಕಿಕೆರೆಯಿಂದ ಲಗೇಜ್ ಆಟೋದಲ್ಲಿ ಹಸಿ ಅಡಿಕೆ ಹೇರಿಕೊಂಡು ಹೊರಟಿದ್ದೆ. ದಾರಿಯ ಸಣ್ಣ ಸೇತುವೆಗೆ ಅಡ್ಡವಾಗಿ ಕಲ್ಲು, ಮುಳ್ಳು ಇಟ್ಟಿದ್ದರು. ಬೋರ್ಡು ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಸೇತುವೆಯ ಬುಡದಲ್ಲಿತ್ತು, ಬೇರೆ ದಾರಿ ಹಿಡಿಯಬಹುದಾಗಿದ್ದ ಕ್ರಾಸಿನಲ್ಲಿ ಇರಲಿಲ್ಲ. ಹಿಂದಕ್ಕೆ ಬಂದು ಸುತ್ತು ಹಾಕಿ ತಲುಪುವಾಗ ಕತ್ತಲಾಗಿತ್ತು. ಸುಲಿಯುವ ಹೆಂಗಸರು ಕಾದು ಕಾದು ಮನೆಗೆ ಹೋಗಿದ್ದರು. ಅವರ ತಪ್ಪೇನೂ ಇರಲಿಲ್ಲವಾಗಿ ಕೂಲಿ ಕೊಟ್ಟೆ. ಕೆಲಸ ಮಾತ್ರ ಆಗಲಿಲ್ಲ.

ಹಾಗೆಂದು ಸೇತುವೆ ಮುಚ್ಚಲೇಬಾರದು ಎಂಬುದು ನನ್ನ ವಾದವಲ್ಲ. ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು, ಇಟ್ಟಿಗೆಯ ಸೇತುವೆ 1868ರಲ್ಲಿ ಮುಗಿದಾಗ ಅದರ ಮೇಲೆ ಓಡಾಡಿದ್ದು ಎತ್ತಿನ ಗಾಡಿಗಳು. ಈಗಿನ ಸೇತುವೆಗಳ ಮೇಲೆ ಹತ್ತು ಹನ್ನೆರಡು ಚಕ್ರದ ಲಾರಿಗಳು ಹಗಲಿರುಳು ಓಡುತ್ತವೆ. ಸವೆದದ್ದನ್ನು ದುರಸ್ತಿ ಮಾಡಲೇಬೇಕು. ಅಡಿಕೆ ನಾಡಾದ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ 2018ರ ಜೂನ್ 25ರಂದು ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಲಾರಿಯೊಂದರ ಸಮೇತ ಬಿದ್ದಿತು. ನಾವು ಸಕಾಲದಲ್ಲಿ ಮುಚ್ಚದ ಸೇತುವೆಯನ್ನು ನದಿಯೇ ಮುಚ್ಚುತ್ತದೆ.

ನಮ್ಮ ದಾವಣಗೆರೆ–ಬೆಂಗಳೂರು ಹೆದ್ದಾರಿಯಲ್ಲೇ ಪೀಣ್ಯದ ಮೇಲ್ಸೇತುವೆಯ ಉದಾಹರಣೆ ಇದೆ. 102 ಮತ್ತು 103ನೇ ಕಂಬಗಳ ನಡುವೆ ಒಳಗಿನ ಉಕ್ಕಿನ ಕೇಬಲ್ಲಿನಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಹಗುರ ವಾಹನಗಳಿಗೆ ಬಿಟ್ಟರು. ಲಾರಿಗಳಿಗೆ ಬಿಟ್ಟದ್ದು 2024ರ ಜುಲೈಯಲ್ಲಿ. ಮುಚ್ಚಿದ್ದು ಸರಿ. ಆದರೆ ತಾತ್ಕಾಲಿಕ ಎಂದದ್ದು ಸರಕು ಸಾಗಿಸುವವರ ಪಾಲಿಗೆ ಎರಡೂವರೆ ವರ್ಷವಾಯಿತು ಎಂಬುದನ್ನು ಮರೆಯಬಾರದು.

ಕಾನೂನು ನಮ್ಮ ಪರವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 115ನೇ ಕಲಮಿನಂತೆ ಸೇತುವೆಯ ಮೇಲೆ ವಾಹನ ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕಿದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆ ಬೇಡ, ಆದರೆ ಸಾಧ್ಯವಾದಷ್ಟು ಸ್ಥಳೀಯ ಪ್ರಚಾರ ಕೊಡಬೇಕು ಎಂದು ಅದೇ ಕಲಮು ಹೇಳುತ್ತದೆ. ಸ್ಥಳೀಯ ಪ್ರಚಾರವೆಂದರೆ ಕಚೇರಿಯ ಗೋಡೆಗೆ ಕಾಗದ ಅಂಟಿಸುವುದಲ್ಲ. ಹೊಳೆಯಾದರೂ ಏರುವ ಮುನ್ನ ಸೂಚನೆ ಕೊಡುತ್ತದೆ. ಉಕ್ಕಡಗಾತ್ರಿಯ ರಸ್ತೆ ಮುಳುಗುವ ಮೊದಲೇ ಹೊಳೆಸಾಲಿನವರು ನೀರು ನೋಡಿ ಎಚ್ಚರಗೊಳ್ಳುತ್ತಾರೆ. ಇಲಾಖೆ ಹೊಳೆಗಿಂತ ಕಡೆಯಾಗಬಾರದು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಹದಿನೈದು ದಿನ ಮೊದಲೇ ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ಸೊಸೈಟಿ, ಬಸ್ ನಿಲ್ದಾಣಗಳಲ್ಲಿ ತಿಳಿಸಲಿ. ಊರಿನಲ್ಲಿ ಡಂಗುರವನ್ನೂ ಹೊಡೆಯಲಿ. ದಾರಿ ಕವಲೊಡೆಯುವಲ್ಲೇ ಬೋರ್ಡು ಹಾಕಲಿ. ತುರ್ತಿಲ್ಲದ ದುರಸ್ತಿಯನ್ನು ಅಡಿಕೆ ಕೊಯ್ಲು ಮುಗಿದು ಬೇಸಿಗೆ ಭತ್ತ ಇನ್ನೂ ಕೊಯ್ಲಿಗೆ ಬಾರದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹಿಡಿಯಲಿ. ದಾವಣಗೆರೆ ನಗರವನ್ನು ರೈಲು ಹಳಿ ಎರಡು ಮಾಡಿದೆ; ಹಳಿ ದಾಟುವ ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಅಗೆಯದಿರಲಿ. ಆಂಬುಲೆನ್ಸ್ ಮತ್ತು ಶಾಲೆಯ ಬಸ್ಸಿಗೆ ಮೊದಲ ಅವಕಾಶವಿರಲಿ, ಭಾರಿ ಲಾರಿಗಳಿಗೆ ರಾತ್ರಿಯ ಹೊತ್ತು ಗೊತ್ತುಮಾಡಲಿ. ಲಾರಿಗಳನ್ನು ಭದ್ರಾ ಚಾನಲ್ ಏರಿಯ ಮೇಲೆ, ಹಳ್ಳಿ ರಸ್ತೆಯ ಮೇಲೆ ತಿರುಗಿಸಿದರೆ, ಸೇತುವೆ ತೆರೆದ ಮೇಲೆ ಆ ರಸ್ತೆಯ ಹೊಂಡ ಮುಚ್ಚುವ ಜವಾಬ್ದಾರಿಯೂ ಅವರದೇ ಆಗಲಿ.

ಬೇಡುವವರು ತಮ್ಮ ಕರ್ತವ್ಯವನ್ನೂ ನೋಡಬೇಕು. ಸೇತುವೆ ಸವೆಯಲು ಅಳತೆ ಮೀರಿ ಹೇರಿದ ನಮ್ಮ ಟ್ರ್ಯಾಕ್ಟರುಗಳೂ ಕಾರಣ. ರಾತ್ರಿ ಅಡ್ಡಗಲ್ಲು ಸರಿಸಿ ನುಗ್ಗುವವರು ನಮ್ಮವರಲ್ಲೇ ಇದ್ದಾರೆ. ಹತ್ತು ಜನ ಎರಡೆರಡು ಚೀಲಕ್ಕೆ ಹತ್ತು ಗಾಡಿ ಹೂಡುವ ಬದಲು ಒಂದೇ ಲಾರಿಯಲ್ಲಿ ಮಾಲು ಕಳಿಸಿದರೆ ಬಾಡಿಗೆಯೂ ಉಳಿಯುತ್ತದೆ, ಪೇಟೆಯ ಇಕ್ಕಟ್ಟೂ ಕಡಿಮೆಯಾಗುತ್ತದೆ. ದಾರಿ ಮುಚ್ಚುವುದು ಮೊದಲೇ ಗೊತ್ತಾದರೆ ಸುಲಿಯುವ ಯಂತ್ರವನ್ನೇ ಊರಿಗೆ ತರಿಸಿಕೊಳ್ಳಬಹುದು, ಗೊನೆ ಇಳಿಸುವುದನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡಬಹುದು.

ಮೊದಲೇ ಗೊತ್ತಾಗಬೇಕು, ಅಷ್ಟೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬಗ್ಗೆ ಒಂದು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸೋಣ. ಸುತ್ತು ಹಾಕುವುದಕ್ಕೆ ನಮ್ಮ ತಕರಾರಿಲ್ಲ. ಹೇರಿದ ಗಾಡಿಯನ್ನು ಸೇತುವೆಯ ಬುಡದಿಂದ ಹಿಂದಕ್ಕೆ ತಿರುಗಿಸುವ ಸ್ಥಿತಿ ಮತ್ತೆ ಯಾರಿಗೂ ಬಾರದಿರಲಿ.

— ಒಬ್ಬ ಸದಸ್ಯ, ಲೋಕಿಕೆರೆ