ಬಾಚಿಯ ಗುರುತು

ಕಾವ್ಯದ ಭಾಷೆ ಹಳತಾದರೆ ಅದನ್ನು ಕಾಪಾಡಲು ಪಂಡಿತರಿದ್ದಾರೆ, ನಿಘಂಟುಗಳಿವೆ, ಪರಿಷತ್ತುಗಳಿವೆ. ಕೈಯ ಭಾಷೆ ಹಳತಾದರೆ ಅದಕ್ಕೆ ದಿಕ್ಕು ಯಾರು? ಬಡಗಿಯ ಬಾಚಿ ಮರದ ಮೇಲೆ ಮೂಡಿಸಿದುದನ್ನು ನಾವು ಬರೆಹವೆಂದು ಎಣಿಸುವುದಿಲ್ಲ. ಆದಕಾರಣ ಅದು ಅಳಿದರೂ ನಷ್ಟವೆಂದು ನಮಗೆ ತೋರುವುದಿಲ್ಲ. ಬೀದರ ಸೀಮೆಯ ಮಾಳಿಗೆ ಮನೆಗಳು ಒಂದೊಂದಾಗಿ ಉರುಳುತ್ತಿರುವ ಈ ಹೊತ್ತಿನಲ್ಲಿ ಈ ಸಂಗತಿಯನ್ನು ಸ್ವಲ್ಪ ವಿಚಾರಿಸಬೇಕೆಂದು ನನ್ನ ಅಭಿಪ್ರಾಯ.

ಉತ್ತರ ಯುರೋಪಿನ ಶೀತದೇಶಗಳಲ್ಲಿ ಇಡೀ ಮನೆಯನ್ನೇ ದಿಮ್ಮಿಗಳಿಂದ ಕಟ್ಟುವ ಪದ್ಧತಿಯುಂಟು. ನೆಟ್ಟಗೆ ಬೆಳೆದ ಮರಗಳನ್ನು ಕೊಡಲಿಯಿಂದ ಕೆತ್ತಿ, ಮೂಲೆಗಳಲ್ಲಿ ಕಚ್ಚು ಕೊಟ್ಟು, ಒಂದರ ಮೇಲೊಂದು ಪೇರಿಸಿದರೆ ಅದೇ ಗೋಡೆ. ನಮ್ಮ ಬಯಲುಸೀಮೆಗೆ ಅಂಥ ಅರಣ್ಯದ ಐಶ್ವರ್ಯವಿಲ್ಲ. ಇಲ್ಲಿ ಗೋಡೆಗೆ ಕಲ್ಲು, ಮಣ್ಣು. ಮರವೇನಿದ್ದರೂ ಕಂಬ, ಬೋದಿಗೆ, ತೊಲೆ, ಜಂತೆಗಳಿಗೆ ಮಾತ್ರ. ಉಳ್ಳವರಿಗೆ ಸಾಗುವಾನಿ, ಇಲ್ಲದವರಿಗೆ ಜಾಲಿ, ಬೇವು. ಕಂಬದಿಂದ ಕಂಬದವರೆಗಿನ ಜಾಗಕ್ಕೆ ಕನ್ನಡದಲ್ಲಿ ‘ಅಂಕಣ’ವೆಂದೂ ಗಡಿಯಾಚೆ ಮರಾಠಿಯಲ್ಲಿ ‘ಖಣ’ವೆಂದೂ ಹೆಸರು, ಮನೆಯ ಅಳತೆಯನ್ನು ಹೇಳುವುದೂ ಅದರಿಂದಲೇ. ಪತ್ರಿಕೆಯ ಓದುಗರು ಇಂದು ‘ಅಂಕಣ’ವೆಂದರೆ ಲೇಖನವನ್ನು ನೆನೆಯುತ್ತಾರೆ. ಆ ಶಬ್ದದ ತವರುಮನೆ ಕಂಬಗಳ ನಡುವಿನದು.

ಮರ ಕೆತ್ತುವುದು ಬಲದ ಕೆಲಸವೆಂದು ಹಲವರ ಭಾವನೆ. ಅದು ಬಲಕ್ಕಿಂತ ಹೆಚ್ಚಾಗಿ ಓದಿನ ಕೆಲಸ. ಬಡಗಿ ಮೊದಲು ದಿಮ್ಮಿಯನ್ನು ಹೊರಳಿಸಿ ಅದರ ಬಾಗು, ಗಂಟುಗಳನ್ನು ನೋಡುತ್ತಾನೆ. ಬಣ್ಣದಲ್ಲಿ ಅದ್ದಿದ ನೂಲನ್ನು ಎರಡು ತುದಿಗಳಲ್ಲಿ ಬಿಗಿದು ಮಿಡಿದರೆ ತೊಗಟೆ ತೆಗೆದ ಮೈಮೇಲೆ ಗೆರೆ ಮೂಡುತ್ತದೆ. ಆ ಗೆರೆಯವರೆಗೆ ಮೊಳಕ್ಕೊಂದರಂತೆ ಅಡ್ಡಗಚ್ಚು ಹಾಕಿ, ಕಚ್ಚುಗಳ ನಡುವಣ ಮರವನ್ನು ಕೊಡಲಿಯಿಂದ ಸೀಳಿ ತೆಗೆದು, ಕಡೆಗೆ ಬಾಚಿಯಿಂದ ಮೈಯನ್ನು ಸಮ ಮಾಡುತ್ತಾನೆ. ಗರಗಸಕ್ಕೆ ಮರದ ಎಳೆಯ ಗೊಡವೆಯಿಲ್ಲ. ಎಳೆ ಬಾಗಿದಲ್ಲಿ ಅದನ್ನು ಕತ್ತರಿಸಿ ತನ್ನ ದಾರಿಯಲ್ಲಿ ತಾನು ಹೋಗುತ್ತದೆ. ಕೊಡಲಿಯಾದರೋ ಎಳೆಯ ಇಚ್ಛೆಯನ್ನು ಕೇಳದೆ ಮುಂದೆ ಸಾಗಲಾರದು. ಉದ್ದಕ್ಕೂ ಎಳೆ ತುಂಡಾಗದ ತೊಲೆ ಭಾರ ತಾಳುವುದರಲ್ಲಿ ಮೇಲೆಂಬುದು ಇದರಿಂದಲೇ.

ಈ ಕಸುಬನ್ನು ನಮ್ಮ ಸಾಹಿತ್ಯ ಅರಿಯದುದೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ, ಎಂದರೆ ಇದೇ ಜಿಲ್ಲೆಯ ಬಸವಕಲ್ಯಾಣ, ಬಡಗಿಯೊಬ್ಬನನ್ನು ವಚನಕಾರನೆಂದು ಕಂಡಿತು. ಅವನ ಉಪಕರಣವನ್ನೇ ಅವನ ಹೆಸರಿಗೆ ಸೇರಿಸಿ ಬಾಚಿಕಾಯಕದ ಬಸವಯ್ಯನೆಂದು ಕರೆಯಿತು. ಅವನ ಮಡದಿ ಕಾಳವ್ವೆಯೂ ವಚನಕಾರ್ತಿ. ಬೀದರ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಬರೀದಶಾಹಿಗಳ ಕಾಲದ ಕೆತ್ತನೆಯ ಮರಗಂಬಗಳು ಇಂದಿಗೂ ನಿಂತಿವೆ. ನೋಡುವವರಿದ್ದಾರೆ, ಕಾಯುವವರೂ ಇದ್ದಾರೆ. ಅರಸನ ಕಂಬಕ್ಕೆ ದೊರೆತ ಮರ್ಯಾದೆಯ ನೂರರಲ್ಲೊಂದು ಪಾಲಾದರೂ ಒಕ್ಕಲಿಗನ ತೊಲೆಗೆ ದೊರೆಯಬೇಡವೆ?

ದೊರೆಯಬಾರದು, ಆ ಮನೆಗಳು ಕೊಲೆಗಡುಕ ಮನೆಗಳು ಎನ್ನುವವರುಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸಾವಿರಾರು ಜನ ತಮ್ಮ ಮನೆಗಳಡಿಯಲ್ಲೇ ಸಮಾಧಿಯಾದರು. ಆದರೆ ಕೊಂದದ್ದು ಯಾವುದು? ಒಳಮುಖ ಹೊರಮುಖಗಳನ್ನು ಬೆಸೆಯದೆ ಗುಂಡುಗಲ್ಲು ಪೇರಿಸಿ ಎರಡು ಅಡಿಗೂ ಮಿಕ್ಕು ದಪ್ಪನಾಗಿ ಎಬ್ಬಿಸಿದ ಗೋಡೆ. ಬೇಸಗೆಯ ತಂಪಿಗೆಂದು ಮಾಳಿಗೆಯ ಮೇಲೆ ಹೇರಿದ ಮೊಳಗಟ್ಟಲೆ ಮಣ್ಣು. ಗೋಡೆಗಳು ಕುಸಿದ ಮೇಲೂ ಮರದ ಚೌಕಟ್ಟು ನಿಂತೇ ಇದ್ದ ಮನೆಗಳು ಅಲ್ಲಿ ಇದ್ದುವು. ಮಣ್ಣಿನ ಭಾರ ಇಳಿಯಲಿ, ಗೋಡೆ ಬಿಗಿಯಾಗಲಿ. ತೊಲೆಯ ಮೇಲೇಕೆ ಸಿಟ್ಟು?

ಮಹಾರಾಷ್ಟ್ರದ ಗಡಿಗೆ ಹತ್ತಿರದ ಮೆಹಕರದಲ್ಲಿ ಕೆಡವಿದ ಮನೆಯೊಂದರ ತೊಲೆಗಳನ್ನು ಬಯಲಲ್ಲಿ ರಾಶಿ ಹಾಕಿದ್ದುದನ್ನು ನಾನು ನೋಡಿದ್ದೇನೆ. ಹೊಗೆ ಹಿಡಿದು ಕಪ್ಪಾದ ಮೈಯ ಮೇಲೆ ಬಾಚಿಯ ಕಚ್ಚುಗಳು ಮೀನಿನ ಹುರುಪೆಯಂತೆ ಸಾಲುಗಟ್ಟಿದ್ದುವು. ತುದಿಗಳನ್ನು ಗೆದ್ದಲು ತಿಂದಿತ್ತು, ನಡು ಮಾತ್ರ ಗಟ್ಟಿ. ಕೊಳ್ಳಲು ಬಂದವನು ಅಡಿಗಿಷ್ಟೆಂದು ಲೆಕ್ಕ ಹಾಕುತ್ತಿದ್ದ. ಮನೆಯ ಯಜಮಾನನನ್ನು ನಾನು ದೂರಲಾರೆ. ವರ್ಷವರ್ಷವೂ ಮಾಳಿಗೆಗೆ ಮಣ್ಣು ಹಾಕಿ, ಸೋರುವ ಮೂಲೆಗೆ ಪಾತ್ರೆಯಿಟ್ಟು ಬಾಳಿದವನಿಗೆ ಸಿಮೆಂಟಿನ ಮನೆ ಬೇಡವೆನ್ನಲು ನಾವಾರು? ನನ್ನ ಆಕ್ಷೇಪಣೆ ಮನೆ ಬಿದ್ದುದಕ್ಕಲ್ಲ. ಅದರ ಜೊತೆಗೆ ವಿದ್ಯೆಯೂ ಬಿದ್ದುದಕ್ಕೆ, ಬಿದ್ದುದನ್ನು ಯಾರೂ ಬರೆದಿಡದುದಕ್ಕೆ.

ವಿದ್ಯೆ ಉಳಿದಿದ್ದರೆ ಏನಾಗುವುದೆಂಬುದಕ್ಕೆ ಪ್ಯಾರಿಸ್ ನಗರವೇ ಸಾಕ್ಷಿ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಇಗರ್ಜಿಯ ಮಧ್ಯಯುಗದ ಓಕ್ ಮರದ ಚಾವಣಿ ಸುಟ್ಟು ಬೂದಿಯಾಯಿತು. ಉಕ್ಕಿನಿಂದ ಕಟ್ಟೋಣವೆಂದವರೂ ಇದ್ದರು. ಆದರೆ ಕೊಡಲಿಯಿಂದ ದಿಮ್ಮಿ ಕೆತ್ತಬಲ್ಲ ಬಡಗಿಗಳು ಆ ದೇಶದಲ್ಲಿ ಇನ್ನೂ ಉಳಿದಿದ್ದುದರಿಂದ, ಹಳೆಯ ಚೌಕಟ್ಟು ಹಳೆಯ ರೀತಿಯಲ್ಲೇ ಮತ್ತೆ ಎದ್ದಿತು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ನಮ್ಮಲ್ಲಿ ಆಗಬೇಕಾದುದು ಅಷ್ಟು ದೊಡ್ಡದಲ್ಲ. ಭಾಲ್ಕಿ, ಔರಾದಗಳ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಊರಿನ ಮುದಿ ಬಡಗಿಗಳ ಬಳಿ ಕುಳಿತು, ಉಪಕರಣಗಳ ಹೆಸರು, ಕಚ್ಚುಗಳ ಹೆಸರು, ಅಳತೆಯ ಮಾತುಗಳನ್ನು ಬರೆದುಕೊಳ್ಳಲಿ. ಅಧ್ಯಾಪಕರು ಅದನ್ನು ಪಾಠದಷ್ಟೇ ಗೌರವದಿಂದ ತಿದ್ದಿಕೊಡಲಿ. ಕಸುಬು ಕಲಿಸುವ ಶಾಲೆಗಳಲ್ಲಿ ಗರಗಸದ ಯಂತ್ರದ ಪಕ್ಕದಲ್ಲಿ ಒಂದು ಬಾಚಿಗೂ ಜಾಗ ಸಿಗಲಿ. ಬಾಚಿಕಾಯಕದ ಬಸವಯ್ಯನ ವಚನಕ್ಕೆ ಟಿಪ್ಪಣಿ ಬರೆಯುವ ನಾಳಿನ ವಿದ್ವಾಂಸನು ‘ಬಾಚಿ: ಒಂದು ಬಗೆಯ ಆಯುಧ’ ಎಂದಷ್ಟೇ ಬರೆದು ಸುಮ್ಮನಾಗುವ ದಿನ ಬಂದರೆ, ಆಗ ಬಡವಾಗುವುದು ಬಡಗಿಯ ಮನೆಯಲ್ಲ, ಕನ್ನಡ.