ಟೂರಿಗೆ ಹೊರಟಿದ್ದೀರಾ? ಆ ಪುಸ್ತಕವನ್ನೂ ಒಯ್ಯಿರಿ

ಬನಹಟ್ಟಿಯಿಂದ ಬಂದ ಪತ್ರ. ಬರೆದವರಿಗೆ ಮೂವತ್ನಾಲ್ಕು ವರ್ಷ. ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ, ಮುಂದಿನ ಕೋಣೆಯಲ್ಲಿ ನಾಲ್ಕು ಪಾವರ್‌ಲೂಮ್. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನರ್ಸ್ ಒಬ್ಬರು ವರ್ಗವಾಗಿ ಹೋಗುವಾಗ ಇವರಿಗೆ ಎರಡು ಪುಸ್ತಕ ಕೊಟ್ಟು ಹೋದರಂತೆ. ಒಂದು ಕನ್ನಡ ಬೈಬಲ್, ಇನ್ನೊಂದು 'ಯಾತ್ರಿಕನ ಸಂಚಾರ'. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತಾಗ ಈಕೆ ಓದುವುದು, ಓದಿ ಜೋಳದ ಡಬ್ಬಿಯ ಹಿಂದೆ ಇಡುವುದು. ಒಂದು ದಿನ ಅದು ಯಜಮಾನರ ಕೈಗೆ ಸಿಕ್ಕಿತು. "ಇದನ್ನ ಯಾಕ ಮುಚ್ಚಿಟ್ಟಿ?" ಎಂದು ಕೇಳಿದವರು ಆಮೇಲೆ ಹತ್ತು ದಿನ ಮಾತೇ ಆಡಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾಯಿತು, ಇಬ್ಬರೇ ಎರಡು ದಿನ ಎಲ್ಲಾದರೂ ಹೋಗಿ ಬರೋಣ ಅಂದುಕೊಂಡಿದ್ದರು. ಆ ಪ್ಲಾನೂ ಕ್ಯಾನ್ಸಲ್.

"ಅಕ್ಕಾರ, ನಾ ಏನ್ ಮತ ಬಿಡಾಕ ಹೊಂಟಿಲ್ರಿ. ಓದಾಕ ಚಲೋ ಅನಸ್ತು, ಓದೀನಿ. ತಪ್ಪೇನ್ರಿ?" ಅಂತ ಕೇಳಿದ್ದಾರೆ.

ತಪ್ಪೇನಿಲ್ಲ ತಾಯಿ. ಓದುವುದಕ್ಕೆ ಗಂಡನ ಅಪ್ಪಣೆ ಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ. ಆದರೆ ನಿಮ್ಮ ಯಜಮಾನರ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಅವರು 'ಯಾಕ ಓದಿದಿ' ಅನ್ನಲಿಲ್ಲ, 'ಯಾಕ ಮುಚ್ಚಿಟ್ಟಿ' ಅಂದರು. ಹೆಂಡತಿಯ ತಲೆಯೊಳಗೆ ತನಗೆ ಗೊತ್ತಿಲ್ಲದ ಒಂದು ಕೋಣೆ ಇದೆ ಅಂತ ಗಂಡಸಿಗೆ ಗೊತ್ತಾದಾಗ ಅವನು ಹೆದರುತ್ತಾನೆ. ಹೆದರಿಕೆಯನ್ನು ಹೆದರಿಕೆ ಅಂತ ಒಪ್ಪಿಕೊಳ್ಳುವುದು ಅವರಿಗೆ ಕಷ್ಟ, ಅದಕ್ಕೇ ಸಿಟ್ಟು ಮಾಡುತ್ತಾರೆ, ಇಲ್ಲವೇ ಮಾತು ಬಿಡುತ್ತಾರೆ. ಜೊತೆಗೆ ಊರಿನ ಬಾಯಿ ಬೇರೆ. ನೂಲು ಕೊಡುವವರಿಂದ ಹಿಡಿದು ಸೀರೆ ಕೊಳ್ಳುವವರ ತನಕ ಎಲ್ಲರೂ ಪರಿಚಯದವರೇ ಆದ ಊರಿನಲ್ಲಿ 'ಅವರ ಮನ್ಯಾಗ ಬೈಬಲ್ ಓದ್ತಾರಂತ' ಅನ್ನುವ ಸುದ್ದಿ ಎಷ್ಟು ಬೇಗ ಓಡುತ್ತದೆ ಅನ್ನುವುದು ನಿಮಗೇ ಗೊತ್ತು. ಅವರ ಕಡೆಯಿಂದಲೂ ಸ್ವಲ್ಪ ನೋಡಿ.

ಹಾಗಂತ ಪುಸ್ತಕ ತೆಗೆದು ಒಲೆಗೆ ಹಾಕಬೇಕೇ? ಬೇಡವೇ ಬೇಡ. ನಿಮ್ಮ ಪಕ್ಕದ ಮುಧೋಳವನ್ನೇ ತೆಗೆದುಕೊಳ್ಳಿ. ಅಲ್ಲಿಯವನಾದ ಕವಿ ರನ್ನ ಬಳೆಗಾರರ ಮನೆಯ ಹುಡುಗ, ಧರ್ಮದಿಂದ ಜೈನ. ಭೀಮ ದುರ್ಯೋಧನರ ಕತೆಯನ್ನು ಅವನು 'ಗದಾಯುದ್ಧ' ಮಾಡಿ ಬರೆದದ್ದನ್ನು ಸಾವಿರ ವರ್ಷದಿಂದ ನಾವೆಲ್ಲ ನಮ್ಮದೇ ಅಂತ ಓದಿಕೊಂಡು ಬಂದಿದ್ದೇವೆ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ, ಓಲೆಗರಿಯ ಮೇಲೆ, ಸಾವಿರ! ಧರ್ಮದ ಪುಸ್ತಕವನ್ನು ಒಬ್ಬ ಹೆಂಗಸು ಇನ್ನೊಬ್ಬರ ಕೈಗಿಡುವುದು ಈ ನಾಡಿಗೆ ಹೊಸದಲ್ಲ. ಕ್ರೈಸ್ತರ ಪುಸ್ತಕವೂ ನಿಮ್ಮ ಭಾಗಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ನಿಮ್ಮ ಜಿಲ್ಲೆಯ ಗುಳೇದಗುಡ್ಡದಲ್ಲಿ, ಅದೂ ನೇಕಾರರ ಊರೇ, ಬಾಸೆಲ್ ಮಿಶನ್ 1851ರಲ್ಲೇ ನೆಲೆಯೂರಿತ್ತು. ಅದೇ ಮಿಶನ್ನಿನ ಕಿಟೆಲ್ 1894ರಲ್ಲಿ ಕೊಟ್ಟ ನಿಘಂಟನ್ನು ಇವತ್ತಿಗೂ ಕನ್ನಡ ಮೇಷ್ಟರುಗಳು ತೆರೆಯುತ್ತಾರೆ. ಅದರಿಂದ ಯಾರ ಮತವೂ ಕೆಟ್ಟಿಲ್ಲ.

ಇರಲಿ, ಟೂರಿನ ವಿಷಯಕ್ಕೆ ಬರೋಣ. ನಾನು ಆಕೆಗೆ ಹೇಳಿದ್ದು ಇಷ್ಟೇ: ಕ್ಯಾನ್ಸಲ್ ಮಾಡಬೇಡಿ, ಹೋಗಿ, ಆ ಪುಸ್ತಕವನ್ನೂ ಬ್ಯಾಗಿನಲ್ಲಿ ಹಾಕಿಕೊಳ್ಳಿ, ಅದೂ ಅವರ ಕಣ್ಣೆದುರಿಗೇ. ಗೋವಾ, ಮಹಾಬಳೇಶ್ವರ ಬೇಡ. ಅಲ್ಲಿ ಫೋಟೊ ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ನಿಮಗೆ ಬೇಕಾದದ್ದು ಬಯಲು. ಮಗ್ಗದ ಖಟಪಟದ ನಡುವೆ ಹನ್ನೆರಡು ವರ್ಷದಿಂದ ಗಂಡ ಹೆಂಡತಿ ಕೂಗಿ ಕೂಗಿಯೇ ಮಾತಾಡಿದ್ದೀರಿ. ಮೆಲ್ಲಗೆ ಮಾತಾಡಿದರೂ ಕೇಳಿಸುವಂಥ ಜಾಗ ಬೇಕು.

ಅದು ದೂರವೇನಿಲ್ಲ. ಜಮಖಂಡಿಗೆ ಬಂದು ಮುಧೋಳದ ಬಸ್ ಹಿಡಿಯಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಿಮಗೆ ಟಿಕೆಟ್ ಇಲ್ಲ, ಅವರದೊಂದೇ ಖರ್ಚು. ಮುಧೋಳ ದಾಟಿ ಬೀಳಗಿ ಕಡೆ ಹೊರಟರೆ ಯಡಹಳ್ಳಿಯ ಕುರುಚಲು ಕಾಡು. ಈ ಎರಡು ತಾಲ್ಲೂಕುಗಳಲ್ಲಿ ಹರಡಿರುವ ಸುಮಾರು 96 ಚದರ ಕಿಲೋಮೀಟರ್ ಜಾಗವನ್ನು 2016ರಲ್ಲಿ ಚಿಂಕಾರ ವನ್ಯಜೀವಿಧಾಮ ಮಾಡಿದ್ದಾರೆ. ದೊಡ್ಡ ಮರಗಳಿಲ್ಲ, ಜಲಪಾತವಿಲ್ಲ. ಬೋರೆಗಳು, ಮುಳ್ಳುಕಂಟಿ, ಒಣಹುಲ್ಲು, ಮೇಲೆ ಆಕಾಶ. ಚಿಂಕಾರ ಅಂದರೆ ಸಣ್ಣ ಜಾತಿಯ ಹುಲ್ಲೆ. ಎಲೆ, ಇಬ್ಬನಿಯ ತೇವದಲ್ಲೇ ಎಷ್ಟೋ ದಿನ ನೀರಿಲ್ಲದೆ ಕಳೆಯುತ್ತದೆ. ಕೃಷ್ಣಮೃಗದಲ್ಲಿ ಸಾಮಾನ್ಯವಾಗಿ ಗಂಡಿಗಷ್ಟೇ ಕೊಂಬು, ಚಿಂಕಾರದಲ್ಲಿ ಹೆಣ್ಣಿಗೂ ಪುಟ್ಟ ಕೊಂಬಿರುತ್ತದೆ. ಇದನ್ನು ಯಜಮಾನರಿಗೆ ತಪ್ಪದೆ ಹೇಳಿ! ತೋಳ, ಕತ್ತೆಕಿರುಬಗಳೂ ಇರುವ ಜಾಗವಾದ್ದರಿಂದ ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ನುಗ್ಗಬೇಡಿ. ಚಳಿಗಾಲದಲ್ಲೇ ಹೋಗಿ, ಬೇಸಿಗೆಯ ಬಿಸಿಲು ನಿಮಗೆ ಗೊತ್ತೇ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಊಟದ ಚಿಂತೆ ಇಲ್ಲ. ರಾತ್ರಿ ಬಾಗಲಕೋಟೆಯ ಲಾಡ್ಜಿನಲ್ಲಿ ಉಳಿಯಿರಿ. ನೆಂಟರ ಮನೆ ಮಾತ್ರ ಬೇಡ, ಅಲ್ಲಿ ಹೋದರೆ ನೀವು ಮತ್ತೆ ರೊಟ್ಟಿ ಬಡಿಯುತ್ತ ಕೂರುತ್ತೀರಿ.

ಎರಡನೇ ದಿನಕ್ಕೆ ಚಿಕ್ಕಸಂಗಮ. ಘಟಪ್ರಭೆ ಕೃಷ್ಣೆಯನ್ನು ಸೇರುವ ಜಾಗ, ಬೀಳಗಿ ತಾಲ್ಲೂಕಿನಲ್ಲೇ ಇದೆ. ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿರುತ್ತದೆ.

ಓದುವುದೇನು? ಬೈಬಲ್ ದಪ್ಪ ಪುಸ್ತಕ, ಮೊದಲ ಪುಟದಿಂದ ಶುರುಮಾಡಿದರೆ ಅವರು ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯುತ್ತಾರೆ. 'ರೂತಳು' ತೆಗೆಯಿರಿ. ನಾಲ್ಕೇ ಅಧ್ಯಾಯ, ಅತ್ತೆ ಸೊಸೆಯ ಕತೆ. ಬರಗಾಲ ಬಂದು ಬೆತ್ಲೆಹೇಮಿನ ಒಂದು ಕುಟುಂಬ ಮೋವಾಬ್ ದೇಶಕ್ಕೆ ಗುಳೆ ಹೋಗುತ್ತದೆ. ಅಲ್ಲಿ ಯಜಮಾನ ತೀರಿಕೊಳ್ಳುತ್ತಾನೆ, ಇಬ್ಬರು ಗಂಡುಮಕ್ಕಳೂ ತೀರಿಕೊಳ್ಳುತ್ತಾರೆ. ಅತ್ತೆ ನವೊಮಿ ಸೊಸೆಯರಿಗೆ 'ನೀವು ತವರಿಗೆ ಹೋಗಿ' ಅನ್ನುತ್ತಾಳೆ. ಒಬ್ಬಳು ಅತ್ತು ಹೋಗುತ್ತಾಳೆ. ರೂತಳು ಮಾತ್ರ ತನ್ನ ದೇಶ ಬಿಟ್ಟು, ಗುರುತಿಲ್ಲದ ಊರಿಗೆ ಅತ್ತೆಯ ಹಿಂದೆ ಬರುತ್ತಾಳೆ. ಜವೆಗೋಧಿಯ ಸುಗ್ಗಿಯಲ್ಲಿ ಪರರ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆಯುತ್ತಾಳೆ. ಆ ಹೊಲದ ಒಡೆಯ ಆಳುಗಳಿಗೆ, ಬೇಕೆಂದೇ ಅಷ್ಟು ತೆನೆ ಉದುರಿಸಿ ಬಿಡಿ ಎಂದು ಹೇಳಿಡುತ್ತಾನೆ. ಜೋಳದ ಸುಗ್ಗಿ ಕಂಡವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

'ಯಾತ್ರಿಕನ ಸಂಚಾರ' ಸ್ವಲ್ಪ ನಾಜೂಕಿನದು. ಬೆನ್ನ ಮೇಲೆ ಭಾರ ಹೊತ್ತ ಒಬ್ಬ ಮನುಷ್ಯ ಹೆಂಡತಿ ಮಕ್ಕಳನ್ನು ಬಿಟ್ಟು ಮುಕ್ತಿಯ ಊರಿಗೆ ಹೊರಟುಬಿಡುತ್ತಾನೆ. ಇದನ್ನು ಓದಿದ ಗಂಡನಿಗೆ 'ನಾಳೆ ಇವಳೂ ಹೊರಟಳೇನೋ' ಅನ್ನಿಸಿದರೆ ಆಶ್ಚರ್ಯವಿಲ್ಲ. ಬರೆದ ಜಾನ್ ಬನಿಯನ್ ಇಂಗ್ಲೆಂಡಿನಲ್ಲಿ ಪಾತ್ರೆ ಪಗಡೆ ರಿಪೇರಿ ಮಾಡುತ್ತಿದ್ದವನು. ಸರ್ಕಾರದ ಮಾತು ಕೇಳದೆ ಉಪದೇಶ ಮಾಡಿದ್ದಕ್ಕೆ ಹನ್ನೆರಡು ವರ್ಷ ಜೈಲು ಕಂಡ. ಆಗ ಅವನ ಎರಡನೇ ಹೆಂಡತಿ ಎಲಿಜಬೆತ್, ಮೊದಲನೆಯವಳ ನಾಲ್ಕು ಮಕ್ಕಳನ್ನು ಸಾಕಿಕೊಂಡು, ಗಂಡನನ್ನು ಬಿಡಿ ಎಂದು ನ್ಯಾಯಾಧೀಶರ ಮುಂದೆ ನಿಂತು ವಾದ ಮಾಡಿದಳು. ಮೊದಲ ಭಾಗ 1678ರಲ್ಲಿ ಬಂತು. 1684ರ ಎರಡನೇ ಭಾಗದಲ್ಲಿ ಆ ಯಾತ್ರಿಕನ ಹೆಂಡತಿಯೂ ಮಕ್ಕಳನ್ನು ಕರೆದುಕೊಂಡು ಅದೇ ದಾರಿ ಹಿಡಿಯುತ್ತಾಳೆ. ಎಲಿಜಬೆತ್ ಪಟ್ಟ ಪಾಡು ನೆನಪಾಗಿಯೇ ಬರೆದನೋ ಏನೋ, ಇದು ನನ್ನ ಊಹೆ.

ಒಂದು ಎಚ್ಚರಿಕೆ. ಯಾವುದೇ ಧರ್ಮದ ಪುಸ್ತಕವಾಗಲಿ, ಅದರ ಹಿಂದೆ 'ಗಂಡನಿಗೆ ಹೇಳಬೇಡ', 'ಔಷಧ ಬಿಡು', 'ಇಷ್ಟು ಹಣ ಕೊಡು' ಅನ್ನುವ ಮನುಷ್ಯರು ಬಂದರೆ ಬಾಗಿಲು ಹಾಕಿಕೊಳ್ಳಿ. ನರ್ಸಮ್ಮ ಅಂಥದ್ದೇನೂ ಹೇಳಿರಲಿಲ್ಲವಂತೆ. "ಬ್ಯಾಸರಾದಾಗ ಓದ್ರಿ" ಅಂದಿದ್ದರಂತೆ, ಅಷ್ಟೇ.

ಈಗ ಎರಡನೇ ಪತ್ರ ಬಂದಿದೆ. ಹೋಗಿ ಬಂದರಂತೆ. ಯಡಹಳ್ಳಿಯಲ್ಲಿ ಚಿಂಕಾರ ಕಾಣಲಿಲ್ಲ, ಅರ್ಧ ದಿನ ಮಾತೂ ಇರಲಿಲ್ಲ. ಚಿಕ್ಕಸಂಗಮದ ದಂಡೆಯಲ್ಲಿ ಅವರೇ "ಏನೈತಿ ಅದರಾಗ?" ಅಂದರಂತೆ. ಈಕೆ ಓದಲಿಲ್ಲ, ರೂತಳ ಕತೆಯನ್ನು ಬಾಯಿಮಾತಿನಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ಅಳು ಬಂತು. ಅದಕ್ಕೆ ಕಾರಣವನ್ನು ಮೊದಲ ಪತ್ರದಲ್ಲಿ ನನಗೂ ಬರೆದಿರಲಿಲ್ಲ. ಆಕೆಯ ತವರು ಬೀಳಗಿ ತಾಲ್ಲೂಕಿನ ಮುಳುಗಡೆ ಹಳ್ಳಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಮನೆ, ಗುಡಿ, ಬೇವಿನ ಮರ ಎಲ್ಲ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು. ಅದೇ ನೀರಿನ ಮುಂದೆ ಕೂತು ಊರು ಬಿಟ್ಟು ಬಂದ ಹೆಣ್ಣಿನ ಕತೆ ಹೇಳುತ್ತಿದ್ದರು. "ಹನ್ನೆರಡು ವರ್ಷ ಆತು, ನಾ ಒಮ್ಮೆನೂ ಕೇಳೇ ಇಲ್ಲಲ್ಲ" ಅಂದರಂತೆ ಯಜಮಾನರು.

ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. ಪ್ರಾರ್ಥನೆ ಗೀರ್ಥನೆ ಅಂತ ಎಲ್ಲೂ ಹೋಗುವ ಹಾಗಿಲ್ಲ ಅಂತ ಷರತ್ತು ಹಾಕಿದ್ದಾರೆ. ಈಕೆ "ಅದನ್ನ ಆಮ್ಯಾಲ ನೋಡೂಣು" ಅಂದಿದ್ದಾರೆ. ಈ ವಿಷಯದಲ್ಲಿ ನಾನು ಪೂರ್ತಿ ಆಕೆಯ ಕಡೆ. ಎಲ್ಲಿಗೆ ಹೋಗಬೇಕು, ಬೇಡ ಅನ್ನುವುದು ಆಕೆ ತೀರ್ಮಾನಿಸಬೇಕಾದದ್ದು. ಪುಸ್ತಕವಂತೂ ಡಬ್ಬಿಯ ಹಿಂದಿನಿಂದ ಕಪಾಟಿಗೆ, ವಚನದ ಪುಸ್ತಕದ ಪಕ್ಕಕ್ಕೆ ಬಂದಿದೆ. ಅತ್ತೆಯವರು ರೂತಳ ಕತೆಯನ್ನು ಎರಡು ಸಲ ಹೇಳಿಸಿಕೊಂಡು, "ಅಂಥಾ ಸೊಸೆ ಸಿಗಾಕ ಪುಣ್ಯಾ ಮಾಡಿರಬೇಕವ್ವ" ಅಂತ ಈಕೆಯ ಮುಖ ನೋಡಿದರಂತೆ. ಯಜಮಾನರು ಕರೆಂಟ್ ಹೋದಾಗಲೆಲ್ಲ ಮಗ್ಗದ ಕೋಣೆಯಿಂದಲೇ ಕೇಳುತ್ತಾರಂತೆ, "ಆ ಯಾತ್ರಿಕ ಊರ ಮುಟ್ಟಿದನೋ, ಇನ್ನೂ ದಾರ್ಯಾಗ ಅದಾನೋ?" ಇನ್ನೂ ನಲವತ್ತು ಪುಟ ಬಾಕಿ ಇದೆಯಂತೆ.