ತಡವರಿಸುವ ಸರದಿ

ಪೊಲೀಸ್ ಜೋಡಿಯ ಹಾಸ್ಯಚಿತ್ರಕ್ಕೆ ಎರಡನೇ ಭಾಗವೆಂದರೆ ಹಳೇ ಸಾರಿಗೆ ನೀರು ಬೆರೆಸಿದಂತೆ ಎಂದು ಮೂಗು ಮುರಿಯುವವರಿದ್ದಾರೆ. ನಾನಂತೂ ಒಪ್ಪೋದಿಲ್ಲ. 1998ರ ‘ರಷ್ ಅವರ್’ನಲ್ಲಿ ಹಾಂಗ್‌ಕಾಂಗಿನ ಲೀ (ಜಾಕಿ ಚಾನ್) ಲಾಸ್ ಏಂಜಲೀಸಿಗೆ ಹೊರಗಿನವ. 2001ರ ಎರಡನೇ ಭಾಗದಲ್ಲಿ ನಿರ್ದೇಶಕ ಬ್ರೆಟ್ ರಾಟ್ನರ್ ಇದನ್ನು ಅದಲುಬದಲು ಮಾಡಿದರು. ಹಾಂಗ್‌ಕಾಂಗಿಗೆ ಹೋಗಿ ಭಾಷೆ ಬಾರದೆ ಒದ್ದಾಡುವವನು ಅಮೆರಿಕದ ಕಾರ್ಟರ್ (ಕ್ರಿಸ್ ಟಕರ್). ವಿಮರ್ಶಕ ರೋಜರ್ ಈಬರ್ಟ್ ಟಕರ್ ಪಾತ್ರದ ಬಾಯಿಬಡುಕತನಕ್ಕೆ ಸಿಡುಕಿದರು. ಜನ ಮಾತ್ರ ಮುಗಿಬಿದ್ದರು. ಗಳಿಕೆ ಸುಮಾರು 34.7 ಕೋಟಿ ಡಾಲರ್, ಮೊದಲನೆಯದಕ್ಕಿಂತ ಸುಮಾರು 10 ಕೋಟಿ ಹೆಚ್ಚು. ಜನಾಂಗದ ಹೆಸರೆತ್ತಿದ ಕೆಲವು ಜೋಕುಗಳು ಇಂದು ಹಳಸಿವೆ, ನಿಜ. ಆದರೆ ಗಡಿಯಲ್ಲಿರೋ ನಮಗೆ ಗೊತ್ತು, ಪರರ ಮಾತಿನಲ್ಲಿ ತಡವರಿಸಿ ನಗೆಗೀಡಾದವನಿಗೇ ನಮ್ಮೂರಿಗೆ ಬಂದು ತಡವರಿಸುವವರ ಕಷ್ಟ ತಿಳಿಯೋದು. ಆ ಸರದಿ ಬದಲಿಸಿದ್ದೇ ಚಿತ್ರದ ಗೆಲುವು.